ಹಾಲಿನ ಕ್ಯಾನ್ ಹೊರುವ ಹಳೆಯ ಗಾಡಿಗೆ ಎಲೆಕ್ಟ್ರಾನಿಕ್ ಇಗ್ನಿಷನ್: ಪಾಯಿಂಟ್ ತೆಗೆಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಆಗತಾನೆ ಕರೆದ ಹಾಲು ಹಸುವಿನ ಮೈಯಷ್ಟೇ ಬೆಚ್ಚಗಿರುತ್ತದೆ, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್. ಈ ಬಿಸುಪಿನಲ್ಲಿ ಹಾಲನ್ನು ಕೆಡಿಸುವ ಸೂಕ್ಷ್ಮಾಣುಗಳು ಬಹು ಬೇಗ ಬೆಳೆಯುತ್ತವೆ. ಕೆಲವು ಜಾತಿಯವು ಅರ್ಧ ಗಂಟೆಗೊಮ್ಮೆ ಎರಡರಷ್ಟಾಗುತ್ತವೆ. ಒಂದು ಗಂಟೆ ತಡವಾದರೆ ನಾಲ್ಕು ಪಟ್ಟು, ಎರಡು ಗಂಟೆ ತಡವಾದರೆ ಹದಿನಾರು ಪಟ್ಟು. ಆದ್ದರಿಂದಲೇ ಕರೆದ ಹಾಲನ್ನು ಬೇಗನೆ ಸಂಘಕ್ಕೆ ತಲುಪಿಸಿ, ಶೀತಲೀಕರಣ ಘಟಕದಲ್ಲಿ 4 ಡಿಗ್ರಿಗೆ ಇಳಿಸಬೇಕು ಎಂದು ನಾವು ಮತ್ತೆ ಮತ್ತೆ ಹೇಳುತ್ತೇವೆ.

ಕೊಟ್ಟಿಗೆಯ ಸ್ವಚ್ಛತೆ, ಕೆಚ್ಚಲು ತೊಳೆಯುವುದು, ಕ್ಯಾನ್ ಒಣಗಿಸುವುದು ಇವೆಲ್ಲ ನಿಮ್ಮ ಕೈಯಲ್ಲಿವೆ, ನೀವು ಚೆನ್ನಾಗಿಯೇ ಮಾಡುತ್ತಿದ್ದೀರಿ. ಆದರೆ ಮನೆಯಿಂದ ಸಂಘದವರೆಗಿನ ಎರಡು ಮೂರು ಕಿಲೋಮೀಟರ್ ದಾರಿ ಹಲವರಿಗೆ ಒಂದು ಹಳೆಯ ಮೊಪೆಡ್‌ನ ಕೈಯಲ್ಲಿದೆ. ಮಳೆಗಾಲದ ಬೆಳಗ್ಗೆ ಇಪ್ಪತ್ತು ಸಲ ಕಿಕ್ ಹೊಡೆದರೂ ಗಾಡಿ ಏಳುವುದಿಲ್ಲ. ಇಲ್ಲವೆ ಮನೆಯಲ್ಲಿ ಎದ್ದ ಗಾಡಿ ಅರ್ಧ ದಾರಿಯಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ. ಅಷ್ಟರಲ್ಲಿ ಸಂಘದ ಬಾಗಿಲು ಹಾಕಿರುತ್ತದೆ, ಅಥವಾ ಹಾಲು ಕುದಿಸುವ ಪರೀಕ್ಷೆಯಲ್ಲಿ ಒಡೆದು ವಾಪಸಾಗುತ್ತದೆ. ಕಷ್ಟಪಟ್ಟು ಕರೆದ ಹಾಲಿಗೆ ಆ ಹೊತ್ತಿನ ಹಣವಿಲ್ಲ.

ಇಂಥ ಗಾಡಿಯನ್ನು ಮೆಕ್ಯಾನಿಕ್ ಬಳಿ ಒಯ್ದರೆ ಈಗ ಸಾಮಾನ್ಯವಾಗಿ ಕೇಳಿಬರುವ ಮಾತು: "ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಮಾಡಿಸಿಬಿಡಿ ಅಮ್ಮ." ಏನಿದು? ನಿಜವಾಗಿ ಪ್ರಯೋಜನ ಉಂಟೇ? ಹಣ ಕೊಡುವ ಮೊದಲು ಏನು ಕೇಳಬೇಕು? ಗಾಡಿ ಓಡಿಸುವವರು ನೀವು, ಹಾಲು ಕೆಟ್ಟರೆ ನಷ್ಟ ನಿಮ್ಮದು. ಆದ್ದರಿಂದ ಈ ತೀರ್ಮಾನವೂ ತಿಳಿದು ನೀವೇ ಮಾಡುವಂತಾಗಲಿ ಎಂದು ಈ ಲೇಖನ.

ನಿಮ್ಮ ಗಾಡಿಯಲ್ಲಿ ಪಾಯಿಂಟ್ ಇದೆಯೇ?

ಮೊದಲಿಗೆ ಇದು ಪೆಟ್ರೋಲ್ ಗಾಡಿಗಳ ವಿಷಯ. ಟ್ರ್ಯಾಕ್ಟರ್, ಡೀಸೆಲ್ ಗೂಡ್ಸ್ ಆಟೋಗಳಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗೇ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಬರುವ ಕಾವಿನಿಂದಲೇ ಡೀಸೆಲ್ ಹತ್ತಿಕೊಳ್ಳುತ್ತದೆ.

ಪೆಟ್ರೋಲ್ ಗಾಡಿಗಳಲ್ಲೂ ಈಗ ಬರುವ ಎಲ್ಲವೂ ಎಲೆಕ್ಟ್ರಾನಿಕ್ ಇಗ್ನಿಷನ್ನಿನವೇ. ಹಾಲಿನ ಕ್ಯಾನ್ ಹೊರಲು ಹಳ್ಳಿಗಳಲ್ಲಿ ಹೆಚ್ಚು ಕಾಣುವ ಟಿವಿಎಸ್ ಎಕ್ಸ್‌ಎಲ್ 100 ನಿಮ್ಮಲ್ಲಿದ್ದರೆ ಬದಲಿಸಲು ಏನೂ ಇಲ್ಲ. ಪಾಯಿಂಟ್ ಇರುವುದು ಹಿಂದಿನ ಗಾಡಿಗಳಲ್ಲಿ: 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50, ಬಜಾಜ್ ಎಂ80 ಮತ್ತು ಬಜಾಜ್ ಸ್ಕೂಟರ್‌ಗಳ ಹಳೆಯ ಮಾದರಿಗಳು, ರಾಜದೂತ್, ಹಾಗೂ ನಮ್ಮ ಮೈಸೂರಿನಲ್ಲೇ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು. ಹಳೆಯ ಬುಲೆಟ್, ಪೆಟ್ರೋಲ್ ಜೀಪು, ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳೂ ಇದೇ ಸಾಲಿನವು.

ಒಂದೇ ಹೆಸರಿನ ಗಾಡಿ ಮೊದಲು ಪಾಯಿಂಟ್‌ನಲ್ಲಿ ಬಂದು, ನಂತರದ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಆಗಿರುವುದುಂಟು. ಹಾಗಾಗಿ ಹೆಸರು ನೋಡಿ ತೀರ್ಮಾನಿಸಬೇಡಿ, ಗಾಡಿಯನ್ನೇ ನೋಡಿ. ಎಂಜಿನ್ನಿನ ಒಂದು ಬದಿಯ ಮುಚ್ಚಳ ತೆಗೆದರೆ ತಿರುಗುವ ಭಾರದ ಚಕ್ರ ಕಾಣುತ್ತದೆ. ಇದೇ ಫ್ಲೈವೀಲ್, ಮೆಕ್ಯಾನಿಕ್‌ಗಳ ಮಾತಿನಲ್ಲಿ ಮ್ಯಾಗ್ನೆಟ್. ಅದರ ಕಿಂಡಿಯಲ್ಲಿ ಇಣುಕಿದಾಗ ಬಾಯಿ ತೆರೆದು ಮುಚ್ಚುವ ಚಿಕ್ಕ ಲೋಹದ ತುಟಿಗಳು ಕಂಡರೆ ಅದು ಪಾಯಿಂಟ್. ಅದರ ಬದಲು ಸೀಟಿನ ಕೆಳಗೋ ಪಕ್ಕದ ಪೆಟ್ಟಿಗೆಯಲ್ಲೋ ನಾಲ್ಕೈದು ವೈರ್ ಸೇರಿದ, ಬಿಚ್ಚಲಾಗದಂತೆ ಎರಕ ಹೊಯ್ದ ಚಿಕ್ಕ ಡಬ್ಬಿ ಇದ್ದರೆ ನಿಮ್ಮ ಗಾಡಿ ಈಗಾಗಲೇ ಎಲೆಕ್ಟ್ರಾನಿಕ್.

ಕಿಡಿ ಹುಟ್ಟುವುದು ಹೇಗೆ?

ಪ್ಲಗ್‌ನ ತುದಿಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಸಂದು ಇರುತ್ತದೆ. ಒತ್ತಿದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣದ ನಡುವೆ ಆ ಸಂದನ್ನು ಹಾರಿ ಕಿಡಿ ಬರಬೇಕಾದರೆ ಹತ್ತು ಸಾವಿರ ವೋಲ್ಟ್ ಆಸುಪಾಸಿನ ವಿದ್ಯುತ್ ಬೇಕು. ಗಾಡಿಯ ಬ್ಯಾಟರಿಯಲ್ಲಿರುವುದು 6 ಅಥವಾ 12 ವೋಲ್ಟ್ ಮಾತ್ರ. ಈ ಅಂತರವನ್ನು ತುಂಬುವುದು ಕಾಯಿಲ್.

ಕಾಯಿಲ್ ಒಳಗೆ ಎರಡು ತಂತಿಸುರುಳಿಗಳಿವೆ. ಒಂದು ದಪ್ಪ ತಂತಿಯ ಕೆಲವೇ ಸುತ್ತು, ಇನ್ನೊಂದು ಕೂದಲಿನಂಥ ತಂತಿಯ ಸಾವಿರಾರು ಸುತ್ತು. ದಪ್ಪ ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಥಟ್ಟನೆ ಕಡಿದರೆ ತೆಳು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ಜೋರಾಗಿ ನೀರು ಬರುತ್ತಿರುವ ನಲ್ಲಿಯನ್ನು ಒಮ್ಮೆಲೆ ನಿಲ್ಲಿಸಿದರೆ ಪೈಪು ಧಡ್ ಎಂದು ಅದುರುವುದನ್ನು ನೀವು ನೋಡಿದ್ದೀರಿ. ನಿಧಾನವಾಗಿ ತಿರುಗಿಸಿ ನಿಲ್ಲಿಸಿದರೆ ಅದುರುವುದಿಲ್ಲ. ಕಾಯಿಲ್‌ನಲ್ಲೂ ಹಾಗೆಯೇ: ಎಷ್ಟು ಥಟ್ಟನೆ ಕಡಿಯುತ್ತೇವೋ ಅಷ್ಟು ಬಲವಾದ ಕಿಡಿ.

ಹಾಗೆ ಕಡಿಯುವ ಕೆಲಸ ಪಾಯಿಂಟ್‌ನದು. ಎಂಜಿನ್ ಜೊತೆ ತಿರುಗುವ ಒಂದು ಉಬ್ಬು ಪ್ರತಿ ಸುತ್ತಿನಲ್ಲೂ ಪಾಯಿಂಟ್‌ನ ಹಿಮ್ಮಡಿಯನ್ನು ತಳ್ಳಿ ತುಟಿಗಳನ್ನು ಬೇರ್ಪಡಿಸುತ್ತದೆ. ಬೇರ್ಪಟ್ಟ ಗಳಿಗೆಯಲ್ಲೇ ಪ್ಲಗ್‌ನಲ್ಲಿ ಕಿಡಿ. ತುಟಿಗಳ ನಡುವೆಯೇ ಕಿಡಿ ಹಾರಿ ಅವು ಸುಡದಿರಲಿ ಎಂದು ಪಕ್ಕದಲ್ಲಿ ಕಂಡೆನ್ಸರ್ ಎಂಬ ಬೆರಳಿನ ಗಾತ್ರದ ಡಬ್ಬಿ ಇದೆ. ಕಡಿದಾಗ ಉಕ್ಕುವ ಕರೆಂಟನ್ನು ಅದು ಹೀರಿಕೊಳ್ಳುತ್ತದೆ.

ಈ ಏರ್ಪಾಡು ನೂರು ವರ್ಷಕ್ಕಿಂತ ಹಳೆಯದು. ಜರ್ಮನಿಯ ಬಾಷ್ ಕಂಪನಿ 1902ರಲ್ಲಿ ಬ್ಯಾಟರಿ ಬೇಡದ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ತಂದಿತು. ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿದ ವ್ಯವಸ್ಥೆಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿ, ಅದು 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರ್ ಜೊತೆಗೇ ಬಂತು. ಅಲ್ಲಿಂದ ಆರೇಳು ದಶಕ ಲೋಕದ ಪೆಟ್ರೋಲ್ ಗಾಡಿಗಳೆಲ್ಲ ಬಹುಪಾಲು ಪಾಯಿಂಟ್‌ನಲ್ಲೇ ಓಡಿದವು. ಅಂದರೆ ಪಾಯಿಂಟ್ ಕೆಟ್ಟ ವಸ್ತುವಲ್ಲ, ಆದರೆ ಸವೆಯುವ ವಸ್ತು.

ಪಾಯಿಂಟ್ ಏಕೆ ಪದೇಪದೇ ಕೈಕೊಡುತ್ತದೆ?

ಒಂದು ಲೆಕ್ಕ ನೋಡಿ. ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗಿದರೆ ಪ್ರತಿ ಸುತ್ತಿಗೆ ಒಂದು ಕಿಡಿಯಂತೆ ಸೆಕೆಂಡಿಗೆ 75 ಕಿಡಿ. ಬೆಳಗ್ಗೆ ಸಂಜೆ ಸೇರಿ ದಿನಕ್ಕೆ ಅರ್ಧ ಗಂಟೆ ಓಡಿಸಿದರೂ ಪಾಯಿಂಟ್ 1,35,000 ಸಲ ಬಾಯಿ ತೆರೆದು ಮುಚ್ಚುತ್ತದೆ. ವರ್ಷಕ್ಕೆ ಸುಮಾರು 4 ಕೋಟಿ 90 ಲಕ್ಷ ಸಲ. ಯಾವ ಲೋಹವಾದರೂ ಸವೆಯಲೇಬೇಕು.

ಸವೆತ ಎರಡು ಕಡೆ ಆಗುತ್ತದೆ. ಮೊದಲನೆಯದು ತುಟಿಗಳಲ್ಲಿ: ಸುಟ್ಟು, ಒಂದು ಕಡೆ ಗುಳಿ ಬಿದ್ದು ಇನ್ನೊಂದು ಕಡೆ ಮೊಡವೆ ಎದ್ದು, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಎರಡನೆಯದು ಹಿಮ್ಮಡಿಯಲ್ಲಿ: ಅದು ಸವೆದಂತೆ ತುಟಿಗಳ ನಡುವಿನ ಸಂದು ಕಿರಿದಾಗುತ್ತದೆ. ಹಲವು ಮೊಪೆಡ್, ಬೈಕುಗಳಲ್ಲಿ ಈ ಸಂದು 0.3ರಿಂದ 0.4 ಮಿಲಿಮೀಟರ್ ಇರಬೇಕು. ಅದು ಕಿರಿದಾದರೆ ಬಾಯಿ ತೆರೆಯುವುದು ತಡ, ಕಿಡಿಯೂ ತಡ. ತಡವಾದ ಕಿಡಿಯಿಂದ ಏರಿನಲ್ಲಿ ದಮ್ಮು ಇಲ್ಲ, ಎಂಜಿನ್ ಬಿಸಿ, ಪೆಟ್ರೋಲ್ ಖರ್ಚು ಹೆಚ್ಚು. ತುಂಬಿದ ಕ್ಯಾನ್ ಎರಡು ಬದಿಗೂ ತೂಗುಹಾಕಿ ಏರು ಹತ್ತುವವರಿಗೆ ಇದು ಮೊದಲು ಗೊತ್ತಾಗುತ್ತದೆ.

ಇದರ ಜೊತೆಗೆ ತೇವ ಮತ್ತು ಎಣ್ಣೆ. ಮಳೆ ನೀರು, ಇಬ್ಬನಿ ಅಥವಾ ಸವೆದ ಆಯಿಲ್ ಸೀಲ್‌ನಿಂದ ಜಿನುಗಿದ ಎಣ್ಣೆ ತುಟಿಗಳ ಮೇಲೆ ಕುಳಿತರೆ ಕಿಡಿ ಮಂಕಾಗುತ್ತದೆ. ಇನ್ನು ಕಂಡೆನ್ಸರ್ ಸೋತಾಗ ಕಾಣುವ ಲಕ್ಷಣ ಬೇರೆ: ತಣ್ಣಗಿದ್ದಾಗ ಗಾಡಿ ಏಳುತ್ತದೆ, ಬಿಸಿಯಾದ ಮೇಲೆ ನಿಂತರೆ ಮತ್ತೆ ಏಳುವುದಿಲ್ಲ. ಸಂಘದ ಮುಂದೆ ಐದು ನಿಮಿಷ ನಿಲ್ಲಿಸಿ, ಹಾಲು ಅಳೆಸಿ ಬರುವಷ್ಟರಲ್ಲಿ ಗಾಡಿ ಮುಷ್ಕರ ಹೂಡಿದರೆ ಮೊದಲು ಅನುಮಾನಿಸಬೇಕಾದದ್ದು ಕಂಡೆನ್ಸರ್ ಮತ್ತು ಕಾಯಿಲ್.

ಎಲೆಕ್ಟ್ರಾನಿಕ್ ಆದರೆ ಏನು ಬದಲಾಗುತ್ತದೆ?

ಹಾಲು ಕರೆಯುವ ಯಂತ್ರದ ಪಲ್ಸೇಟರ್ ನಿಮಗೆ ಗೊತ್ತು. ನಿಮಿಷಕ್ಕೆ ಸುಮಾರು 60 ಸಲ ಗಾಳಿಯ ದಾರಿ ತೆರೆದು ಮುಚ್ಚುವುದು ಅದರ ಕೆಲಸ. ಹಳೆಯ ಮಾದರಿಯಲ್ಲಿ ಬಿಡಿಭಾಗಗಳ ಚಲನೆಯಿಂದಲೇ ಲಯ ಹುಟ್ಟುತ್ತದೆ, ಕೊಳೆ ಕುಳಿತರೆ ಲಯ ತಪ್ಪುತ್ತದೆ. ಎಲೆಕ್ಟ್ರಾನಿಕ್ ಪಲ್ಸೇಟರ್‌ನಲ್ಲಿ ಲಯ ಕಾಯುವುದು ವಿದ್ಯುತ್ ಸಂಕೇತ. ಇಗ್ನಿಷನ್ನಿನಲ್ಲೂ ಆಗುವುದು ಇಂಥದೇ ಬದಲಾವಣೆ. ಒಂದಕ್ಕೊಂದು ತಾಗಿ ಸವೆಯುವ ತುಟಿಗಳ ಜಾಗದಲ್ಲಿ ತಾಗದೆಯೇ ಸಂಕೇತ ಕೊಡುವ ಪಿಕಪ್ ಕಾಯಿಲ್ ಬರುತ್ತದೆ. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಸಿ.ಡಿ.ಐ. ಮೊಪೆಡ್, ಸ್ಕೂಟರ್, ಬೈಕುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. 1969ರಲ್ಲಿ ಜಪಾನಿನ ಕವಾಸಾಕಿ ಎಚ್1 ಬೈಕಿನಲ್ಲಿ ಬಂದ ಮೇಲೆ ಇದು ಹೆಸರಾಯಿತು. ಫ್ಲೈವೀಲ್ ಒಳಗಿನ ಒಂದು ಸುರುಳಿ ಹುಟ್ಟಿಸುವ ಕರೆಂಟನ್ನು ಡಬ್ಬಿಯೊಳಗಿನ ಕೆಪಾಸಿಟರ್ ಕೂಡಿಟ್ಟುಕೊಳ್ಳುತ್ತದೆ, ಕೊಡದಲ್ಲಿ ನೀರು ತುಂಬಿಟ್ಟಂತೆ. ಪಿಕಪ್ ಕಾಯಿಲ್‌ನಿಂದ ಸಂಕೇತ ಬಂದ ಗಳಿಗೆಯಲ್ಲಿ ಆ ಕೊಡವನ್ನು ಒಮ್ಮೆಲೆ ಕಾಯಿಲ್‌ಗೆ ಬೋರಲು ಹಾಕುತ್ತದೆ. ಕಿಡಿ ಚುರುಕು. ಎಣ್ಣೆ ಮೆತ್ತಿದ ಪ್ಲಗ್‌ನಲ್ಲೂ ಹತ್ತಿಕೊಳ್ಳುವ ಸಾಧ್ಯತೆ ಹೆಚ್ಚು, ಹಾಗಾಗಿ ಟೂ ಸ್ಟ್ರೋಕ್ ಗಾಡಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮ್ಯಾಗ್ನೆಟ್‌ನಿಂದಲೇ ನಡೆಯುವ ಬಗೆಯಾದರೆ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದು ಏಳಿಸಬಹುದು. ಬ್ಯಾಟರಿ ಇಳಿದರೆ ಏಳದ ಯೆಜ್ಡಿಯಂಥ ಬೈಕಿನವರಿಗೆ ಇದು ದೊಡ್ಡ ಲಾಭ.

ಎರಡನೆಯದು ಟ್ರಾನ್ಸಿಸ್ಟರ್ ಬಗೆ. ಜೀಪು, ಕಾರುಗಳ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ತೆಗೆದು, ಒಂದು ಅಯಸ್ಕಾಂತದ ಉಂಗುರ ಮತ್ತು ಸೆನ್ಸರ್ ಕೂರಿಸುತ್ತಾರೆ. ಇದಕ್ಕೆ ಬ್ಯಾಟರಿ ಗಟ್ಟಿಯಾಗಿರಲೇಬೇಕು.

ಮೂರನೆಯದು ನೆರವಿನ ಡಬ್ಬಿ. ಇದರಲ್ಲಿ ಪಾಯಿಂಟ್ ಉಳಿಯುತ್ತದೆ, ಆದರೆ ಕಾಯಿಲ್‌ನ ಪೂರ್ತಿ ಕರೆಂಟ್ ಅದರ ಮೂಲಕ ಹೋಗುವುದಿಲ್ಲ. ತುಟಿ ಸುಡುವುದು ನಿಲ್ಲುತ್ತದೆ, ಹಿಮ್ಮಡಿಯ ಸವೆತ ನಿಲ್ಲುವುದಿಲ್ಲ. ಇದನ್ನು ಹಾಕಿ "ಪೂರ್ತಿ ಎಲೆಕ್ಟ್ರಾನಿಕ್" ಎಂದು ಹೇಳಿದರೆ ನಂಬಬೇಡಿ.

ಏನು ಆಗುವುದಿಲ್ಲ ಎಂಬುದನ್ನೂ ತಿಳಿಯಿರಿ. ಮೈಲೇಜ್ ಒಮ್ಮೆಲೆ ಎರಡರಷ್ಟಾಗುವುದಿಲ್ಲ. ಸವೆದ ಪಾಯಿಂಟ್‌ನಿಂದ ಕಳೆದುಹೋಗಿದ್ದಷ್ಟು ಮಾತ್ರ ಮರಳಿ ಬರುತ್ತದೆ. ಸವೆದ ಪಿಸ್ಟನ್ ಗಟ್ಟಿಯಾಗುವುದಿಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ: ಪಾಯಿಂಟ್ ಕೆಡುವ ಮುನ್ನ ಸಾಕಷ್ಟು ಸೂಚನೆ ಕೊಡುತ್ತದೆ, ದಾರಿಯಲ್ಲೇ ಉಪ್ಪುಕಾಗದದಿಂದ ಉಜ್ಜಿ ಮನೆ ಸೇರಬಹುದು. ಸಿ.ಡಿ.ಐ. ಡಬ್ಬಿ ಅಪರೂಪಕ್ಕೆ ಕೆಡುತ್ತದೆ, ಆದರೆ ಕೆಟ್ಟರೆ ಒಮ್ಮೆಲೆ ಕೆಡುತ್ತದೆ. ರಿಪೇರಿ ಇಲ್ಲ, ಬೇರೆಯದೇ ಹಾಕಬೇಕು.

ಬದಲಿಸುವ ಮುನ್ನ ಇವನ್ನು ನೋಡಿ

ಏಳದ ಗಾಡಿಗೆಲ್ಲ ಪಾಯಿಂಟೇ ಕಾರಣವಲ್ಲ. ಹಾಲು ಕಡಿಮೆಯಾದ ಹಸುವಿಗೆ ಕೂಡಲೇ ಔಷಧಿ ಹಾಕದೆ ಮೇವು, ನೀರು, ಕೆಚ್ಚಲು ನೋಡುವ ಹಾಗೆ ಇಲ್ಲೂ ಕ್ರಮವಾಗಿ ನೋಡಬೇಕು.

1. ಪೆಟ್ರೋಲ್ ಕಾರ್ಬೊರೇಟರ್‌ಗೆ ಬರುತ್ತಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಮುಚ್ಚಿಹೋಗಿದ್ದರೂ ಸ್ವಲ್ಪ ದೂರ ಓಡಿ ಗಾಡಿ ನಿಲ್ಲುತ್ತದೆ.

2. ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಕಪ್ಪಾಗಿ ಎಣ್ಣೆ ಮೆತ್ತಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಿಡಿ ಮಂಕಾಗಿದೆ. ಸುಟ್ಟು ಬೆಳ್ಳಗಾಗಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಒಂದು ಹೊಸ ಪ್ಲಗ್ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

3. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್‌ನಲ್ಲಿ ಮಸಿ ಕಟ್ಟಿಕೊಂಡರೂ ದಮ್ಮು ಇರುವುದಿಲ್ಲ. ಬಿಚ್ಚಿ ಶುಚಿ ಮಾಡಿಸಿ.

4. ಮ್ಯಾಗ್ನೆಟ್ ಬದಿಯಲ್ಲಿ ಎಣ್ಣೆ ಜಿನುಗು ಇದೆಯೇ ನೋಡಿಸಿ. ಆಯಿಲ್ ಸೀಲ್ ಹೋಗಿದ್ದರೆ ಯಾವ ಇಗ್ನಿಷನ್ ಹಾಕಿದರೂ ಗಾಡಿ ಸರಿಯಾಗದು.

5. ಕಡೆಯದಾಗಿ ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿಸಿ, ಫೀಲರ್ ಗೇಜ್‌ನಿಂದ ಸಂದು ಅಳೆದು ಕೂರಿಸಲು ಹೇಳಿ. ಕಣ್ಣಂದಾಜು ಸಾಲದು. ಹೀಗೆ ಮಾಡಿದ ಮೇಲೆ ಗಾಡಿ ಬಹುದಿನ ಸಲೀಸಾಗಿ ಓಡಿದರೆ ನಿಮಗೆ ಬದಲಾವಣೆಯ ಅಗತ್ಯವೇ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಪಾಯಿಂಟ್ ಪದೇಪದೇ ಸುಡುತ್ತಿದೆ, ನಿಮ್ಮ ಮಾದರಿಗೆ ಒಳ್ಳೆಯ ಪಾಯಿಂಟ್ ಸಿಗುತ್ತಿಲ್ಲ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿಸಬೇಕಾಗಿದೆ ಎಂದಾದರೆ ಎಲೆಕ್ಟ್ರಾನಿಕ್ ಬಗ್ಗೆ ಯೋಚಿಸಿ.

ಖರ್ಚಿನ ಲೆಕ್ಕ ಹೀಗೆ ಹಾಕಿ

ಕಿಟ್‌ನ ಬೆಲೆ ಗಾಡಿಯಿಂದ ಗಾಡಿಗೆ, ಊರಿಂದ ಊರಿಗೆ ಬೇರೆ. ಹಾಗಾಗಿ ಬೇರೆಯವರು ಹೇಳಿದ ಮೊತ್ತದ ಬದಲು ನಿಮ್ಮ ಲೆಕ್ಕವನ್ನೇ ಹಿಡಿಯಿರಿ. ಹಾಲಿನ ಪಾಸ್‌ಬುಕ್ ಜೊತೆ ಒಂದು ಹಾಳೆ ಇಟ್ಟುಕೊಂಡು ಮೂರು ತಿಂಗಳು ಬರೆಯಿರಿ: ಪಾಯಿಂಟ್, ಕಂಡೆನ್ಸರ್, ಪ್ಲಗ್‌ಗೆ ಕೊಟ್ಟದ್ದು, ಮೆಕ್ಯಾನಿಕ್ ಕೂಲಿ, ಗಾಡಿ ಕೈಕೊಟ್ಟ ದಿನ ಆಟೋಗೆ ಕೊಟ್ಟದ್ದು, ತಡವಾಗಿ ವಾಪಸಾದ ಅಥವಾ ಹಾಕಲಾಗದೆ ಉಳಿದ ಹಾಲಿನ ಲೀಟರ್ ಮತ್ತು ಅದರ ದರ.

ಉದಾಹರಣೆಗೆ, ಹೊತ್ತಿಗೆ 8 ಲೀಟರ್ ಹಾಕುವವರಿಗೆ ತಿಂಗಳಿಗೆ ಎರಡು ಹೊತ್ತು ತಪ್ಪಿದರೆ 16 ಲೀಟರ್ ಹೋಯಿತು, ವರ್ಷಕ್ಕೆ 192 ಲೀಟರ್. ಅದನ್ನು ನಿಮ್ಮ ದರದಿಂದ ಗುಣಿಸಿ. ಮೂರು ತಿಂಗಳ ರಿಪೇರಿ ಖರ್ಚನ್ನು ನಾಲ್ಕರಿಂದ ಗುಣಿಸಿ ಅದಕ್ಕೆ ಕೂಡಿಸಿ. ಬಂದ ಮೊತ್ತ ಹೊಸ ಕಿಟ್ ಮತ್ತು ಕೂಲಿಗಿಂತ ಹೆಚ್ಚಿದ್ದರೆ ಒಂದೇ ವರ್ಷದಲ್ಲಿ ಹಣ ಮರಳುತ್ತದೆ. ತುಂಬಾ ಕಡಿಮೆಯಿದ್ದರೆ ಪಾಯಿಂಟೇ ಇರಲಿ.

ಗಾಡಿಯ ಆಯಸ್ಸನ್ನೂ ನೋಡಿ. ಸ್ವಂತ ಬಳಕೆಯ ಗಾಡಿಗೆ ನೋಂದಣಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಣ ಹತ್ತಿರವಿದ್ದು, ಚಾಸಿ ತುಕ್ಕು ಹಿಡಿದಿದ್ದರೆ ಇಗ್ನಿಷನ್‌ಗೆ ಹಾಕುವ ಹಣವನ್ನು ಬೇರೆ ಗಾಡಿಗೆ ಕೂಡಿಡುವುದೇ ಲೇಸು.

ಮೆಕ್ಯಾನಿಕ್ ಬಳಿ ಕೇಳಬೇಕಾದ ಪ್ರಶ್ನೆಗಳು

ಅಂಗಡಿಗೆ ಹೋದಾಗ ಮೆಕ್ಯಾನಿಕ್ ನಿಮ್ಮನ್ನು ಬಿಟ್ಟು ಜೊತೆಗೆ ಬಂದ ಗಂಡಸರೊಡನೆ ಮಾತಾಡಿದರೆ ಸಂಕೋಚ ಬೇಡ. ಈ ಪ್ರಶ್ನೆಗಳನ್ನು ನೀವೇ ಕೇಳಿ.

"ಏನೇನು ಬದಲಾಗುತ್ತದೆ?" ಮೊಪೆಡ್, ಸ್ಕೂಟರ್‌ಗಳಲ್ಲಿ ಬರೀ ಡಬ್ಬಿ ಸಿಕ್ಕಿಸಿದರೆ ಆಗುವುದಿಲ್ಲ. ಸಾಮಾನ್ಯವಾಗಿ ಸುರುಳಿಗಳಿರುವ ತಟ್ಟೆ, ಫ್ಲೈವೀಲ್, ಸಿ.ಡಿ.ಐ. ಡಬ್ಬಿ, ಕಾಯಿಲ್ ಎಲ್ಲವೂ ಒಂದಕ್ಕೊಂದು ಹೊಂದುವ ಜೊತೆಯೇ ಆಗಿರಬೇಕು. ಪಟ್ಟಿ, ಬೆಲೆ, ಕೂಲಿ ಎಲ್ಲವನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

"ಈ ಫ್ಲೈವೀಲ್ ನನ್ನ ಗಾಡಿಯ ಕ್ರ್ಯಾಂಕ್‌ಗೆ ಕೂರುತ್ತದೆಯೇ?" ಕ್ರ್ಯಾಂಕ್‌ನ ಓರೆ ತುದಿ ಮತ್ತು ಅದರ ಕೀ ಜಾಗ ಪೂರ್ತಿ ಹೊಂದಬೇಕು. ಸಡಿಲವಾಗಿ ಕೂತರೆ ಕೀ ಮುರಿದು ಕ್ರ್ಯಾಂಕೇ ಹಾಳಾಗುತ್ತದೆ.

"ಫ್ಲೈವೀಲ್ ತೆಗೆಯಲು ಪುಲ್ಲರ್ ಇದೆಯೇ?" ಸುತ್ತಿಗೆಯಿಂದ ಹೊಡೆದು ತೆಗೆಯುವವರ ಬಳಿ ಗಾಡಿ ಬಿಡಬೇಡಿ. ಪೆಟ್ಟಿಗೆ ಅಯಸ್ಕಾಂತದ ಶಕ್ತಿ ಕುಂದುತ್ತದೆ, ಕ್ರ್ಯಾಂಕ್ ಬಾಗುತ್ತದೆ.

"ಕಿಟ್ 6 ವೋಲ್ಟ್‌ನದೋ 12 ವೋಲ್ಟ್‌ನದೋ?" ಹಳೆಯ ಗಾಡಿ 6 ವೋಲ್ಟ್‌ನದಾಗಿದ್ದು ಹೊಸ ತಟ್ಟೆ 12 ವೋಲ್ಟ್ ಕೊಟ್ಟರೆ ಬಲ್ಬ್‌ಗಳೆಲ್ಲ ಸುಡುತ್ತವೆ. ಬಲ್ಬ್, ಹಾರ್ನ್, ಬ್ಯಾಟರಿ, ರೆಗ್ಯುಲೇಟರ್ ಬದಲಿಸುವ ಖರ್ಚೂ ಲೆಕ್ಕಕ್ಕೆ ಬರಲಿ. ಬ್ರಿಟಿಷ್ ಮೂಲದ ಕೆಲವು ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಕೂಡಿರುತ್ತದೆ. ಅದನ್ನು ಗಮನಿಸದೆ ಜೋಡಿಸಿದರೆ ಹೊಸ ಡಬ್ಬಿ ಆ ಕ್ಷಣವೇ ಸುಡುತ್ತದೆ.

"ಟೈಮಿಂಗ್ ಹೇಗೆ ನೋಡುತ್ತೀರಿ?" ಇದು ಎಲ್ಲಕ್ಕಿಂತ ಮುಖ್ಯ. ಕಿಡಿ ಬರುವ ಗಳಿಗೆಯನ್ನು ಗುರುತಿಗೆ ಹೊಂದಿಸಬೇಕು, ಆಮೇಲೆ ಎಂಜಿನ್ ಓಡುವಾಗ ಮಿಣುಕು ದೀಪದಂಥ ಟೈಮಿಂಗ್ ಲೈಟ್ ಹಿಡಿದು ಖಚಿತ ಮಾಡಿಕೊಳ್ಳಬೇಕು. ಕಿಡಿ ತೀರಾ ಮುಂಚಿತವಾದರೆ ಕಿಕ್ ಪೆಡಲ್ ಹಿಮ್ಮುಖವಾಗಿ ಒದೆಯುತ್ತದೆ, ಕಾಲಿಗೆ ಪೆಟ್ಟಾಗುತ್ತದೆ. ಭಾರ ಹೊತ್ತು ಓಡಿದಾಗ ಪಿಸ್ಟನ್ ತೂತು ಬೀಳುವುದೂ ಉಂಟು.

"ಹಳೆಯ ಭಾಗ ನನಗೆ ಕೊಡುತ್ತೀರಾ?" ತಟ್ಟೆ, ಪಾಯಿಂಟ್, ಫ್ಲೈವೀಲ್ ಎಲ್ಲವನ್ನೂ ಕೇಳಿ ಪಡೆಯಿರಿ. ಮುಂದೆ ಹೊಸ ಕಿಟ್‌ನ ಭಾಗ ಸಿಗದಿದ್ದರೆ ಹಳೆಯದನ್ನೇ ಮತ್ತೆ ಕೂರಿಸಬಹುದು.

ಕೆಲಸಕ್ಕೆ ಬಿಡುವ ದಿನವನ್ನೂ ಯೋಚಿಸಿ ಆರಿಸಿ. ಬೆಳಗಿನ ಹಾಲು ಹಾಕಿ ಬಿಟ್ಟರೆ ಸಂಜೆಗೆ ಗಾಡಿ ಸಿಗದಿರಬಹುದು. ಆ ಹೊತ್ತಿನ ಹಾಲನ್ನು ನೆರೆಯವರ ಗಾಡಿಯಲ್ಲಿ ಕಳಿಸಲು ಮೊದಲೇ ಮಾತಾಡಿಟ್ಟಿರಿ.

ಹಾಕಿಸಿದ ಮೇಲೆ ನೀವು ನೋಡಿಕೊಳ್ಳಬೇಕಾದದ್ದು

ಕ್ಯಾನ್ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್‌ಗೆ ವೆಲ್ಡಿಂಗ್ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಎಲೆಕ್ಟ್ರಾನಿಕ್ ಆದ ಮೇಲೆ ಗಾಡಿಯ ಮೇಲೆ ವೆಲ್ಡಿಂಗ್ ಮಾಡುವ ಮುನ್ನ ಸಿ.ಡಿ.ಐ. ಡಬ್ಬಿಯ ವೈರ್ ಮತ್ತು ಬ್ಯಾಟರಿ ಬಿಡಿಸಲೇಬೇಕು. ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟ್ ಡಬ್ಬಿಯನ್ನು ಸುಡಬಹುದು.

ಅರ್ತ್ ವೈರ್ ಬಣ್ಣವಿಲ್ಲದ, ತುಕ್ಕಿಲ್ಲದ ಲೋಹಕ್ಕೆ ಬಿಗಿಯಾಗಿ ಕೂಡಿರಲಿ. "ಡಬ್ಬಿ ಹೋಗಿದೆ" ಎನ್ನುವ ದೂರುಗಳಲ್ಲಿ ಎಷ್ಟೋ ಸಲ ಹೋಗಿರುವುದು ಅರ್ತ್ ಮಾತ್ರ. ಹೊಸ ಡಬ್ಬಿ ಕೊಳ್ಳುವ ಮುನ್ನ ಅರ್ತ್ ಮತ್ತು ವೈರ್ ಕೂಡುವ ಜಾಗಗಳನ್ನು ನೋಡಿಸಿ.

ಗಾಡಿ ನಿಲ್ಲಿಸುವ ಸ್ವಿಚ್‌ನ ವೈರನ್ನು ಬ್ಯಾಟರಿಯ ವೈರಿಗೆ ಕೂಡಿಸಬಾರದು. ಮ್ಯಾಗ್ನೆಟ್‌ನಿಂದ ನಡೆಯುವ ಸಿ.ಡಿ.ಐ. ಡಬ್ಬಿಗೆ ಆ ವೈರಿನ ಮೂಲಕ ಬ್ಯಾಟರಿ ಕರೆಂಟ್ ಹೋದರೆ ಅದು ಸುಡುತ್ತದೆ. ಹಾರ್ನ್, ಲೈಟ್ ರಿಪೇರಿ ಮಾಡುವವರಿಗೂ ಇದನ್ನು ಹೇಳಿ.

ಕಿಡಿ ಇದೆಯೇ ನೋಡಲು ಪ್ಲಗ್ ಬಿಚ್ಚಿದಾಗ ಅದರ ಲೋಹದ ಮೈ ಎಂಜಿನ್‌ಗೆ ತಾಗಿರಬೇಕು. ವೈರನ್ನು ಗಾಳಿಯಲ್ಲಿ ಹಿಡಿದು ಕಿಕ್ ಹೊಡೆದರೆ ಕಾಯಿಲ್, ಡಬ್ಬಿ ಎರಡೂ ಕೆಡಬಹುದು. ಪ್ಲಗ್ ವೈರನ್ನು ಕೈಯಲ್ಲಿ ಹಿಡಿಯಲೇಬೇಡಿ. ಪಾಯಿಂಟ್‌ನ ಹೊಡೆತಕ್ಕಿಂತ ಇದು ಜೋರು. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

ಪ್ಲಗ್, ಪ್ಲಗ್ ಕ್ಯಾಪ್ ಎರಡೂ ಕಿಟ್‌ನವರು ಹೇಳಿದ ಬಗೆಯದೇ ಇರಲಿ. ಗಾಡಿ ತೊಳೆಯುವಾಗ ಡಬ್ಬಿಗೂ ಮ್ಯಾಗ್ನೆಟ್ ಮುಚ್ಚಳಕ್ಕೂ ನೀರಿನ ಪೈಪ್ ನೇರವಾಗಿ ಹಿಡಿಯಬೇಡಿ.

ಇನ್ನೊಂದು ಮಾತು ಹಾಲಿಗೆ ಸೇರಿದ್ದು. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಪ್ಲಗ್ ಬಿಚ್ಚಿದ ಕೈಯಲ್ಲಿ ಪೆಟ್ರೋಲ್, ಗ್ರೀಸ್ ವಾಸನೆ ಉಳಿದಿರುತ್ತದೆ. ಸೋಪಿನಿಂದ ಚೆನ್ನಾಗಿ ತೊಳೆಯದೆ ಕೆಚ್ಚಲಿಗಾಗಲಿ ಕ್ಯಾನಿಗಾಗಲಿ ಕೈ ಹಾಕಬೇಡಿ. ಗಾಡಿಯ ಕೆಲಸ ಹಾಲು ಹಾಕಿ ಬಂದ ಮೇಲಿರಲಿ, ಕೊಟ್ಟಿಗೆಯಿಂದ ದೂರವಿರಲಿ.

ನೆನಪಿಡಿ

• ಮೊದಲು ಪ್ಲಗ್, ಪೆಟ್ರೋಲ್, ಸೈಲೆನ್ಸರ್, ಆಯಿಲ್ ಸೀಲ್. ಆಮೇಲೆ ಪಾಯಿಂಟ್.
• ಬಿಸಿಯಾದ ಮೇಲೆ ಏಳದಿದ್ದರೆ ಕಂಡೆನ್ಸರ್, ಕಾಯಿಲ್ ನೋಡಿಸಿ.
• ಮೂರು ತಿಂಗಳ ಲೆಕ್ಕ ಬರೆದು ನೋಡಿ ತೀರ್ಮಾನಿಸಿ.
• ಪೂರ್ತಿ ಕಿಟ್, ಪುಲ್ಲರ್, ಟೈಮಿಂಗ್ ಲೈಟ್ ಇರುವ ಕಡೆಯೇ ಕೆಲಸ ಮಾಡಿಸಿ.
• ಹಳೆಯ ಭಾಗಗಳನ್ನು ಮನೆಗೆ ತನ್ನಿ.
• ವೆಲ್ಡಿಂಗ್ ಮುನ್ನ ಡಬ್ಬಿ, ಬ್ಯಾಟರಿ ಬಿಡಿಸಿ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಹಳೆಯ ಗಾಡಿ ಇರುವವರೆಲ್ಲ ಸೇರಿ ಈ ವಿಷಯ ಮಾತಾಡಿ. ಒಂದೇ ಮಾದರಿಯ ಗಾಡಿ ನಾಲ್ಕೈದು ಮನೆಯಲ್ಲಿದ್ದರೆ ಒಟ್ಟಿಗೆ ದರ ಕೇಳಬಹುದು, ಒಂದು ಹೆಚ್ಚುವರಿ ಸಿ.ಡಿ.ಐ. ಡಬ್ಬಿಯನ್ನು ಎಲ್ಲರೂ ಸೇರಿ ಕೊಂಡು ಸಂಘದಲ್ಲೇ ಇಡಬಹುದು. ಯಾರ ಗಾಡಿ ಯಾವ ಬೆಳಗ್ಗೆ ನಿಂತರೂ ಅಂದಿನ ಹಾಲು ಹೊತ್ತಿಗೆ ಸರಿಯಾಗಿ ಸೇರುತ್ತದೆ. ನೆನಪಿರಲಿ, ಹುಳಿಯಾದ ಒಂದು ಕ್ಯಾನ್ ಶೀತಲೀಕರಣ ಘಟಕದ ಇಡೀ ಹಾಲನ್ನು ಕೆಡಿಸಬಲ್ಲದು. ನಿಮ್ಮ ಗಾಡಿ ಹೊತ್ತಿಗೆ ಸರಿಯಾಗಿ ಎದ್ದರೆ ಉಳಿಯುವುದು ನಿಮ್ಮ ಮನೆಯ ಹಾಲು ಮಾತ್ರವಲ್ಲ, ಊರಿನವರೆಲ್ಲರ ಹಾಲು.